ಮಾನಿಟರಿನ ಬೆನ್ನಿನ ಭಂಡಾರ

ರಾವಸಾಹೇಬ ಮಾಸ್ತರರ ಹೆಂಡತಿ ಗೌರಾಬಾಯಿ ತೀರಿಕೊಂಡು ಆ ದಿನಕ್ಕೆ ಒಂದು ವರ್ಷ. ಅಕ್ಕೋಳದ ಅವರ ಮನೆಯಲ್ಲಿ ಬೆಳಗಿನಿಂದ ಹೂರಣ ಬೇಯುತ್ತಿತ್ತು. ನೈವೇದ್ಯವಾದ ಮೇಲೆ ಓಣಿಯ ಹೆಂಗಸರು ಕೂಡಿ ಅವಳ ಬೀಸುವ ಹಾಡುಗಳನ್ನು ಹಾಡುವುದೆಂದು ನಿಶ್ಚಯವಾಗಿತ್ತು. ಆದರೆ ಹಾಡು ಪೂರ್ತಿಯಾಗಿ ಯಾರ ಬಾಯಲ್ಲೂ ಇರಲಿಲ್ಲ. ಗೌರಾಬಾಯಿ ಹೇಳುತ್ತ ಹೋದಂತೆ ಮಗಳು ಸೀಮಾ ಟೈಪು ಮಾಡಿದ ಅರವತ್ತೆರಡು ಹಾಡುಗಳು ಮೂಲೆಯ ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದವು. ಅದು ಇಂದೇ ಮುನಿಸಿಕೊಂಡಿತ್ತು.

ತಪ್ಪು ಸೀಮಾಳದೇ. ರಾಯಬಾಗದ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವ ಅವಳು ಹಿಂದಿನ ದಿನ ಬಂದವಳೇ ಅದಕ್ಕೆ ಕಂಪ್ಯೂಟರ್ ನಡೆಸುವ ತಂತ್ರಾಂಶ, ಹೊಸ ಲಿನಕ್ಸು ಹಾಕಿದ್ದಳು. ಹಾಡುಗಳಿಗೆ ಏನೂ ಆಗಿರಲಿಲ್ಲ. ಆದರೆ ಹೊಸ ಲಿನಕ್ಸು ಮಾನಿಟರನ್ನು, ನಿನ್ನ ತಾಕತ್ತೆಷ್ಟು ಎಂದು ತಾನೇ ಕೇಳುತ್ತದೆ. ಹತ್ತು ವರ್ಷದ ಈ ಮುದಿ ಡಬ್ಬಿಗೆ ಉತ್ತರ ಹೇಳಲು ಬಾರದು. ಚಿತ್ರ ಮೂಡುವ ಹೊತ್ತಿಗೆ ಪರದೆ ಕಪ್ಪಾಗುತ್ತಿತ್ತು. ಬರಿಯ ಅಕ್ಷರದ ಪರದೆಯಲ್ಲಿ ತೆರೆದರೆ ಕನ್ನಡವೆಲ್ಲ ಚೌಕ ಚೌಕ.

"ಅಪ್ಪಾ, ಮಾನಿಟರ್ ತಿರುವ್ರಿ. ಎಷ್ಟ ವೇಗ ತಡೀತೈತಿ ಅಂತ ಹಿಂದಿನ ಚೀಟಿ ಮ್ಯಾಲ ಬರದಿರತೈತಿ. ಅದನ್ನ ನಾನ ಫೈಲಿನ್ಯಾಗ ಬರದ ಕೊಟ್ರ ಆತು."

"ಹಿಂದ ಏನೂ ಇಲ್ಲ. ಅಂದಾಜಿನ ಮ್ಯಾಲ ಬರಿ," ಎಂದರು ಮಾಸ್ತರರು.

ಸೀಮಾ ಅಂದಾಜಿನ ಮೇಲೆ ಬರೆದಳು. ಮಾನಿಟರು ಕೊರಳು ಹಿಸುಕಿದ ಪೀಪಿಯಂತೆ ಕೂಗಿತು. ಅವಳು ತಟ್ಟನೆ ಬಟನ್ ಒತ್ತಿ ಆರಿಸಿದಳು.

"ಇನ್ನೊಮ್ಮೆ ಅಂದಾಜ ತಪ್ಪಿದ್ರ ಸುಟ್ಟ ಹೋಗತೈತ್ರಿ ಅಪ್ಪಾ," ಎಂದು ತಾನೇ ಡಬ್ಬಿಯನ್ನು ತಿರುಗಿಸಿದಳು.

ಚೀಟಿಯ ತುಂಬ ಐದು ಬೆರಳಿನ ಹಳದಿ ಗುರುತು. ಚಿಂಚಲಿಯ ಮಾಯಕ್ಕ ದೇವಿಯ ಭಂಡಾರ, ಪ್ರಸಾದದ ಅರಿಶಿನಪುಡಿ. ತನ್ನ ಕೊನೆಯ ಖಂಡೇಪೂಜೆಯ ದಿನ, ಮನೆಯ ಆಯುಧ ಸಲಕರಣೆಗಳನ್ನೆಲ್ಲ ಪೂಜಿಸುವಾಗ, ಗೌರಾಬಾಯಿ ಅದನ್ನು ಎಣ್ಣೆಯಲ್ಲಿ ಕಲಸಿ, "ಮಾರಿಗೆ ಹಚ್ಚಿದ್ರ ಓದಾಕ ಅಡ್ಡ ಆಗತೈತಿ, ಬೆನ್ನಿಗೆ ಹಚ್ಚತೀನಿ," ಎಂದು ಹಚ್ಚಿದ್ದಳು. ಮಾಸ್ತರರು ವರ್ಷವಿಡೀ ಆ ಡಬ್ಬಿಯ ಧೂಳು ಹೊಡೆದಿದ್ದರು. ಬೆನ್ನನ್ನು ಮಾತ್ರ ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

"ಅಕಿ ಕೈ ಐತಿ ಅದು. ಒರಸಬ್ಯಾಡ," ಎಂದರು.

ಸೀಮಾ ಒರಸಲು ಎತ್ತಿಕೊಂಡಿದ್ದ ಅರಿವೆಯನ್ನು ಕೆಳಗಿಟ್ಟಳು. ಅಷ್ಟರಲ್ಲಿ ಗೌರಾಬಾಯಿಯ ಜೊತೆ ನಲವತ್ತು ವರ್ಷ ಬೀಸಿದ ಹೊಳೆವ್ವ, ಸೊಂಟದ ಮೇಲೆ ಕೈಯಿಟ್ಟು ಒಳಗೆ ಬಂದಳು. ಎಲ್ಲ ಕೇಳಿಸಿಕೊಂಡಳು.

"ಮಾಸ್ತರ್ರ, ಊರಿಗೆಲ್ಲ ಶಾಣ್ಯಾತನ ಹೇಳಿದವರು ನೀವು. ಮಾಯಕ್ಕ ತನ್ನ ಭಂಡಾರ ಇಟಗೊಳ್ಳಾಕ ಕೊಡತಾಳೇನ್ರಿ? ಹಚಗೊಂಡ ಮಂದಿಗೆ ಹಂಚಾಕ. ಗೌರಿ ಒಂದ ಚಿಟಿಕಿನಾದ್ರೂ ಬಚ್ಚಿಟ್ಟಿದ್ಲೇನು?"

ಗೌರಾಬಾಯಿ ಜಾತ್ರೆಯಿಂದ ತಂದ ಭಂಡಾರ ಬಾಗಿಲು ದಾಟುವುದರೊಳಗೆ ಖಾಲಿಯಾಗುತ್ತಿದ್ದುದು ಮಾಸ್ತರರಿಗೆ ನೆನಪಾಯಿತು. ಎದ್ದು ಕೈಕಾಲು ತೊಳೆದು ಬಂದರು. ಕೈ ಮುಗಿದರು. ಆಮೇಲೆ ಹೆಬ್ಬೆರಳಿನ ಗುರುತಿನ ಮೇಲೆ ತಮ್ಮ ಹೆಬ್ಬೆರಳನ್ನಿಟ್ಟು ಮೆಲ್ಲಗೆ ಎಳೆದರು. ಆ ಹಳದಿಯನ್ನು ಮಗಳ ಹಣೆಗೆ ಹಚ್ಚಿದರು. ಎರಡನೆಯ ಬೆರಳಿನದು ಹೊಳೆವ್ವನಿಗೆ. ಮೂರನೆಯದು ತಮಗೆ.

"ಅಪ್ಪಾ, ತಡೀರಿ. ಅಂಕಿ ಕಾಣಾಕತ್ತು. ಮೂವತ್ತರಿಂದ ಐವತ್ತನಾಲ್ಕು. ಅದರ ಕೆಳಗ ಐವತ್ತರಿಂದ ನೂರಾ ಇಪ್ಪತ್ತು."

ಉಳಿದ ಎರಡು ಬೆರಳು ಹಾಗೆಯೇ ಉಳಿದವು. ಸೀಮಾ ಡಬ್ಬಿಯನ್ನು ಮೊದಲಿನಂತೆ ತಿರುಗಿಸಿ, ಆ ಅಂಕಿಗಳ ಎರಡು ಸಾಲು ಫೈಲಿನಲ್ಲಿ ಬರೆದು ಮತ್ತೆ ಚಾಲೂ ಮಾಡಿದಳು. ಪರದೆ ಒಮ್ಮೆ ಕಪ್ಪಾಯಿತು. ಟಿಕ್ಕೆಂದು ಸದ್ದಾಗಿ ನೀಲಿ ಬೆಳಕು ಮಾಸ್ತರರ ಕನ್ನಡಕದ ಮೇಲೆ ಬಿತ್ತು.

ಹೆಂಗಸರು ಬಂದು ಕಂಬಳಿಯ ಮೇಲೆ ಕುಳಿತರು. ಸೀಮಾ ಸಾಲು ಹೇಳಿದಳು, ಅವರು ಎತ್ತಿ ಹಾಡಿದರು. ಕೊನೆಯ ಹಾಡು ಮಾಸ್ತರರು ಎಂದೂ ಕೇಳದ್ದು:

"ನಾಕ ಪುಸ್ತಕ ಓದಿ ಉಪ್ಪ ತರಾಕ ಹೋಗಿ
ಬರಿಗೈಲೆ ಬಂದಾರ ರಾವಸಾಹೇಬ
ಸಪ್ಪನ್ನ ಸಾರ ಹೊಗಳ್ಯಾರ"

ಹೊಳೆವ್ವ ನಗು ತಾಳಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಖರೇ ಏನ್ರಿ ಮಾಸ್ತರ್ರ?"

"ಒಮ್ಮೆ ಅಲ್ಲವ್ವಾ, ಮೂರ ಸಲ ಮರತೀನಿ," ಎಂದರು ಮಾಸ್ತರರು. ಕಣ್ಣೊರೆಸಿಕೊಂಡದ್ದರಿಂದ ಅವರ ಕೆನ್ನೆಗೂ ಹಳದಿ ಹತ್ತಿತ್ತು. "ಇನ್ನೊಮ್ಮೆ ಹಾಡ್ರಿ."