ಮೂರನೇ ಗೇರಿನ ಜಾಗ

ಮಗಳು ಬಕೆಟ್ಟಿಗೆ ಮೊಣಕೈವರೆಗೆ ಕೈ ಹಾಕಿ ಒಂದೊಂದೇ ಗೇರನ್ನು ಹೊರತೆಗೆದು ಶೆಡ್ಡಿನ ನೆಲದ ಮೇಲಿಡುತ್ತಿದ್ದಳು. ಉಕ್ಕಿಗೆ ಉಕ್ಕು ತಾಗಿ ಸದ್ದಾದಾಗಲೆಲ್ಲ ಅವಳ ಹಲ್ಲು ಜುಮ್ಮೆನ್ನುತ್ತಿತ್ತು. ಅಪ್ಪ ಇದ್ದಿದ್ದರೆ ಅಂಥ ಸದ್ದು ಮಾಡಿದವರ ಕಿವಿ ಹಿಂಡುತ್ತಿದ್ದ. ಅಪ್ಪ ಈಗ ಗೋಡೆಯಾಚೆ ಹಾಲಿನಲ್ಲಿ ಕಬ್ಬಿಣದ ಮಂಚದ ಮೇಲೆ ಕುತ್ತಿಗೆವರೆಗೆ ಚಾದರ ಹೊದ್ದು ಮಲಗಿದ್ದ. ಮಧ್ಯಾಹ್ನಕ್ಕೆ ಅವನನ್ನು ಚಿತಾಗಾರಕ್ಕೆ ಒಯ್ಯುವ ಗಾಡಿ ಬರುವುದಿತ್ತು.

“ಇದನ್ನೆಲ್ಲ ಹೀಗೆ ಸುರಿದಿದ್ದು ಯಾರು?” ಎಂದು ಕೇಳಿದಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ, ಅಪ್ಪನ ಅಕ್ಕ, ಸೆರಗಿನಿಂದ ಮೂಗೊರೆಸಿಕೊಂಡಳು. “ನಾನೇ ಕಣೇ. ನಿಮ್ಮಮ್ಮ ಕಲ್ಲಿನ ಹಾಗೆ ಕೂತುಬಿಟ್ಟಿದ್ದಾಳೆ, ಯಾರಾದ್ರೂ ಮಾಡ್ಬೇಕಲ್ಲ. ಮನೆಯೆಲ್ಲ ಹುಡುಕಿದ್ರೂ ಒಂದು ನೆಟ್ಟಗಿರೋ ಬಿಳೀ ಚಾದರ ಇಲ್ಲ. ಇಲ್ಲಿ ನೋಡಿದ್ರೆ ಹೊಸಾದು, ದಪ್ಪಂದು, ಮೇಜಿನ ಮೇಲೆ ಹಾಸಿದ್ದಾನೆ. ಅದರ ಮೇಲೆ ಈ ಗುಜರಿ. ಎಲ್ಲಾ ಬಕೆಟ್ಟಿಗೆ ಹಾಕಿ, ಚಾದರ ಕೊಡವಿ, ಎಣ್ಣೆ ಹತ್ತಿದ್ದ ಕಡೆ ಒಳಗೆ ಮಾಡಿ ಹೊದಿಸಿದೆ. ಒಂದೂ ಕಳೆದಿಲ್ಲ, ಬೇಕಾದ್ರೆ ನೋಡ್ಕೋ.”

ಒಂದೂ ಕಳೆದಿರಲಿಲ್ಲ, ನಿಜ. ಪಾಪ, ಅತ್ತೆ ಚೊಕ್ಕ ಕೆಲಸದವಳು. ಕಳೆದದ್ದು ಅವಳ ಕಣ್ಣಿಗೆ ಕಾಣುವಂಥದ್ದಲ್ಲ.

ಅಪ್ಪ ಗೇರ್‌ಬಾಕ್ಸ್ ಬಿಚ್ಚಿದರೆ ಮೊದಲು ಬಿಳಿ ಬಟ್ಟೆ ಹಾಸುತ್ತಿದ್ದ. ಶಾಫ್ಟಿನ ಮೇಲೆ ಯಾವುದರ ಪಕ್ಕ ಯಾವುದು ಕೂರಬೇಕೋ ಅದೇ ಸಾಲಿನಲ್ಲಿ, ತೊಳೆದು ಎಣ್ಣೆ ಸವರಿದ ಭಾಗಗಳನ್ನು ಅದರ ಮೇಲೆ ಜೋಡಿಸುತ್ತಿದ್ದ. ಗೇರುಗಳನ್ನು ಯಾವ ಮೆಕ್ಯಾನಿಕ್ಕಾದರೂ ಗುರುತು ಹಿಡಿದಾನು. ಕಷ್ಟವೇನಿದ್ದರೂ ಅವುಗಳ ನಡುವೆ ಕೂರುವ ವಾಷರುಗಳದು. ಈ ಕಾರನ್ನು ಮಾಡಿದ ಕಂಪನಿಯೇ ಮುಚ್ಚಿಹೋಗಿ ಕಾಲವಾಗಿತ್ತು. ಅದರ ವಾಷರು ಯಾವ ಅಂಗಡಿಯಲ್ಲೂ ಇರಲಿಲ್ಲ. ಅಪ್ಪ ಒಂದೊಂದನ್ನೂ ಗಾಜಿನ ಹಲಗೆಯ ಮೇಲೆ ಉಕ್ಕು ಸವೆಸುವ ಪೇಸ್ಟ್ ಹಚ್ಚಿ, ಬೆರಳಲ್ಲಿ ಒತ್ತಿ ಉಜ್ಜಿ ಉಜ್ಜಿ, ಬೇಕಾದ ದಪ್ಪಕ್ಕೆ ತಂದಿದ್ದ. ನೋಡಲು ಎಲ್ಲವೂ ಒಂದೇ, ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಉಜ್ಜಿ ಮುಗಿದದ್ದರ ಅಂಚಿಗೆ ಅರದಿಂದ ಕಚ್ಚು ಹಾಕುತ್ತಿದ್ದ: ತೆಳ್ಳನೆಯದಕ್ಕೆ ಒಂದು, ಅದಕ್ಕಿಂತ ದಪ್ಪದ್ದಕ್ಕೆ ಎರಡು, ಹೀಗೆ. ಎಷ್ಟು ಕಚ್ಚಿನದು ಎಲ್ಲಿಗೆ ಎನ್ನುವುದು ಅವನ ತಲೆಯಲ್ಲಿತ್ತು, ಮತ್ತೆ ಆ ಚಾದರದ ಮೇಲಿತ್ತು. ತಲೆ ನಿನ್ನೆ ಸಂಜೆ ಹೋಯಿತು, ಚಾದರ ಇವತ್ತು ಬೆಳಿಗ್ಗೆ.

ಅವಳ ಹಿಂದೆ ಕಾರು ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಎರಡೇ ಸೀಟಿನ ಕೆಂಪು ಕಾರು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡದು. ಗೇರ್‌ಬಾಕ್ಸ್ ಇಳಿಸಿದ ಜಾಗದಲ್ಲಿ ಕತ್ತಲೆ ತುಂಬಿತ್ತು.

ಅವಳು ಕೈ ಒರೆಸಿಕೊಂಡು ಹಾಲಿಗೆ ಬಂದಳು. ಸೋದರಮಾವ ಕಿಟಕಿಯ ಪಕ್ಕ ನಿಂತು ಫೋನಿನಲ್ಲಿ ಪಿಸುಗುಡುತ್ತಿದ್ದ. ಪಿಸುಗುಟ್ಟುವುದೆಂದರೆ ಅವನ ಲೆಕ್ಕದಲ್ಲಿ ಬೀದಿಗೆ ಮಾತ್ರ ಕೇಳಿಸದ ಹಾಗೆ ಮಾತಾಡುವುದು. “ನಾಳೆ ಬೆಳಿಗ್ಗೆ ಬಂದು ಎಳ್ಕೊಂಡು ಹೋಗಪ್ಪ. ಚಕ್ರ ತಿರುಗತ್ತೆ, ಅಷ್ಟೇ.”

“ಯಾರಿಗೆ ಹೇಳ್ತಿದ್ದೀಯ ಮಾವ?”

“ಗುಜರಿಯವನಿಗೆ. ನಿಮ್ಮಮ್ಮನೇ ಹೇಳಿದ್ದು.”

ಅಮ್ಮ ಮಂಚದ ಕಾಲಬಳಿ ಸ್ಟೂಲಿನ ಮೇಲೆ ಕೂತಿದ್ದಳು. ಮಗಳ ಮುಖ ನೋಡದೆ ಕೇಳಿದಳು. “ಓಡತ್ತಾ ಅದು?”

“ಜೋಡಿಸಿದ್ರೆ ಓಡತ್ತೆ.”

“ನೀನು ಜೋಡಿಸ್ತೀಯಾ?”

ನಿನ್ನೆ ಕೇಳಿದ್ದರೆ ಹೂಂ ಅನ್ನುತ್ತಿದ್ದಳು. “ಗೊತ್ತಿಲ್ಲಮ್ಮ. ಈಗ ಎಲ್ಲಾ ಕಲಸಿಹೋಗಿದೆ.”

“ಹಾಗಾದ್ರೆ ಹೋಗ್ಲಿ. ನಿಂತ ಗಾಡಿ ಮುಂದೆ ನಾನೊಬ್ಬಳೇ ಕೂತಿರಕ್ಕಾಗಲ್ಲ. ಓಡೋದಾದ್ರೆ ಓಡಿಸ್ಕೊಂಡು ಹೋಗು, ಇಲ್ದಿದ್ರೆ ನಾಳೆಗೆ ಅದೂ ಮುಗೀಲಿ.”

*

ಅಪ್ಪ ಲಾರಿ ಗ್ಯಾರೇಜಿನಲ್ಲಿ ಗೇರ್‌ಬಾಕ್ಸುಗಳ ಜೊತೆಗೇ ತಲೆ ನರೆಸಿಕೊಂಡವನು. ಕೆಲಸದಲ್ಲಿ ಎತ್ತಿದ ಕೈ. ಆದರೆ ಅವಸರ ಮಾಡಿದರೆ ಸ್ಪ್ಯಾನರ್ ಕೆಳಗಿಟ್ಟು ಬೀಡಿ ಹಚ್ಚುತ್ತಿದ್ದನಾದ್ದರಿಂದ ಗ್ಯಾರೇಜಿನವರು ಅವನಿಗೆ ‘ಫಸ್ಟ್ ಗೇರ್’ ಎಂದು ಹೆಸರಿಟ್ಟಿದ್ದರು. ಕಾರು ಅವನ ಕೈಸೇರಿದ್ದು ಅದರ ಒಡೆಯ ಬೇಸತ್ತು ಗ್ಯಾರೇಜಿನ ಹಿಂದೆ ಬಿಟ್ಟುಹೋದ ಮೇಲೆ. ಆಗ ಅದಕ್ಕೆ ಇಲ್ಲದ ರೋಗವಿರಲಿಲ್ಲ. ಸವೆದ ಕ್ಲಚ್ ಪ್ಲೇಟು, ಎಣ್ಣೆ ಸೋರುವ ಸೀಲು, ಗಡಗಡ ಎನ್ನುವ ಪ್ರೊಪೆಲ್ಲರ್ ಶಾಫ್ಟು, ಊಳಿಡುವ ಹಿಂದಿನ ಆಕ್ಸಲ್ಲು. ಅಪ್ಪ, ಮಗಳು ಸೇರಿ ಒಂದೊಂದಾಗಿ ಎಲ್ಲವನ್ನೂ ದಾರಿಗೆ ತಂದರು. ಒಂದು ಮಾತ್ರ ಉಳಿಯಿತು. ಮೂರನೇ ಗೇರಿನಲ್ಲಿ ಓಡುತ್ತಿರುವಾಗ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಲಿವರು ತಾನೇ ಹಾರಿ ನ್ಯೂಟ್ರಲ್ಲಿಗೆ ಬಂದುಬಿಡುತ್ತಿತ್ತು. ಆ ಗೇರಿನ ಪಕ್ಕದ ವಾಷರಿನ ದಪ್ಪ ಸರಿಯಿಲ್ಲ, ಅದಕ್ಕೇ ಹಾರುತ್ತದೆ ಎನ್ನುತ್ತಿದ್ದ ಅಪ್ಪ.

ಕ್ಲಚ್ಚು, ಶಾಫ್ಟು, ಆಕ್ಸಲ್ಲು ಎಲ್ಲವನ್ನೂ ಮಗಳಿಗೆ ಬಿಟ್ಟುಕೊಟ್ಟ ಅಪ್ಪ ಗೇರ್‌ಬಾಕ್ಸನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಅವನು ಮನೆಯಲ್ಲಿಲ್ಲದ ಒಂದು ದಿನ ಅವಳು ಅದರ ಮುಚ್ಚಳ ತೆಗೆದಳು. ಅವನು ಬಂದ, ನೋಡಿದ, ಬೈಯಲಿಲ್ಲ. ಬೋಲ್ಟುಗಳನ್ನು ಒಂದೊಂದೇ ಬಿಗಿದು ಮುಚ್ಚಿ, ಬೆನ್ನು ತಿರುಗಿಸಿಕೊಂಡೇ, “ನಿನ್ನ ಕೈಗೆ ಇದು ಆಗಲ್ಲ” ಅಂದ. ಬೈದಿದ್ದರೆ ಅವಳು ಮರೆಯುತ್ತಿದ್ದಳೇನೋ. ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ನಿಂತುಬಿಟ್ಟಿತು. ಇನ್ನೊಂದು ಊರಿನ ಬಸ್ ಡಿಪೋದಲ್ಲಿ ಕೆಲಸ ಹಿಡಿದು ಹೊರಟುಹೋದಳು. ಅಲ್ಲಿ ಕೆಟ್ಟ ಗೇರ್‌ಬಾಕ್ಸನ್ನು ಯಾರೂ ಬಿಚ್ಚುವುದಿಲ್ಲ, ಎತ್ತಿಹಾಕಿ ಬೇರೆಯದು ಕೂರಿಸುತ್ತಾರೆ. ಆಮೇಲೆ ಫೋನಿನಲ್ಲಿ ಅಪ್ಪನದು ಎರಡೇ ಮಾತು: “ಊಟ ಆಯ್ತಾ? ಅಮ್ಮನಿಗೆ ಕೊಡ್ತೀನಿ.” ಅವಳೂ ಹೆಚ್ಚು ಕೇಳಲಿಲ್ಲ. ಇಬ್ಬರದೂ ಒಂದೇ ಹಟ.

ಹೋದ ವಾರ ಫೋನು ಮಾಡಿದವನು ಅಮ್ಮನಿಗೆ ಕೊಡಲಿಲ್ಲ.

“ಭಾನುವಾರ ಬಾ.”

“ಏನಾಯ್ತಪ್ಪ?”

“ಏನಿಲ್ಲ. ಗೇರ್‌ಬಾಕ್ಸ್ ಬಿಚ್ಚಿದೀನಿ. ನೀನು ಜೋಡಿಸು.”

ಅವಳು ಬಾಯಿ ತೆರೆಯುವ ಮೊದಲೇ ಅಪ್ಪ, “ಕೈ ತೊಳ್ಕೊಂಡು ಬಾ” ಅಂದು ಇಟ್ಟ.

ಶನಿವಾರ ಸಂಜೆ ಅವಳು ಬ್ರಷ್ ಹಿಡಿದು ಉಗುರಸಂದಿಯ ಕಪ್ಪು ತಿಕ್ಕುತ್ತಿದ್ದಾಗಲೇ ಅಮ್ಮನ ಫೋನು ಬಂತು. ಇವತ್ತು ಆ ಭಾನುವಾರ.

*

ಲೇತ್ ಮಾಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅವಳನ್ನು ಸನ್ನೆ ಮಾಡಿ ಕರೆದ. ಗ್ಯಾರೇಜಿನ ಪಕ್ಕದಲ್ಲೇ ಲೇತ್ ಮಷೀನ್ ಇಟ್ಟುಕೊಂಡವನು, ಅಪ್ಪನ ಒಬ್ಬನೇ ಗೆಳೆಯ. ಬೆಳಿಗ್ಗೆ ಅಪ್ಪನ ಮೈ ತೊಳೆದವರಲ್ಲಿ ಅವನೂ ಇದ್ದ.

“ಹೋಗೋವಾಗ್ಲೂ ಫಸ್ಟ್ ಗೇರಲ್ಲೇ ಹೋಗ್ತಾನೆ ಅಂದ್ಕೊಂಡಿದ್ದೆ ಪುಟ್ಟಿ. ಇದೊಂದರಲ್ಲಿ ಅವಸರ ಮಾಡಿಬಿಟ್ಟ.” ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. “ಒಂದು ಕೈ ಮಾತ್ರ ಬಿಡಿಸೋಕಾಗ್ಲಿಲ್ಲ. ಮುಷ್ಟಿ ಬಿಗಿ ಹಿಡಿದಿದ್ದಾನೆ. ಹಾಗೇ ಇರ್ಲಿ ಅಂದ್ರು ನಿಮ್ಮಮ್ಮ.”

“ಈಚೆಗೆ ಅಪ್ಪ ಚೆನ್ನಾಗಿದ್ರಾ ಮಾಮ?”

“ಬೆರಳು ಮರಗಟ್ಟಿತ್ತು. ಬಿಸಿ, ತಣ್ಣಗೆ ಗೊತ್ತಾಗ್ತಿರಲಿಲ್ಲ. ವಾಷರ್ ತಂದು, ಇದರ ದಪ್ಪ ಅಳತೆ ಮಾಡಿ ಹೇಳು ಅನ್ನೋನು. ಹಿಂದೆ ನನ್ನ ಅಳತೇನೇ ತಪ್ಪು ಅಂತ ಜಗಳಕ್ಕೆ ಬರ್ತಿದ್ದೋನು ಅವನು. ಯಾರಿಗೂ ಹೇಳ್ಬೇಡ ಅಂದಿದ್ದ.” ಲೇತ್ ಮಾಮ ತಲೆ ತಗ್ಗಿಸಿದ. “ಇನ್ನು ಹೇಳಿದ್ರೇನು.”

ಅವಳು ಮಂಚದ ಹತ್ತಿರ ಹೋಗಿ ನಿಂತಳು. ಅಪ್ಪನ ಮುಖವನ್ನು ಹೆಚ್ಚು ಹೊತ್ತು ನೋಡಲಾಗದೆ ಕಣ್ಣು ಕೆಳಗಿಳಿಸಿದಳು. ಕಿಟಕಿಯ ಬಿಸಿಲು ಚಾದರದ ಮೇಲೆ ಬಿದ್ದಿತ್ತು. ಅಪ್ಪನ ಎದೆಯ ಹತ್ತಿರ ಬಟ್ಟೆಯಲ್ಲಿ ಮಸುಕು ಹಳದಿಯ ಒಂದು ಉಂಗುರ. ಅದರ ಕೆಳಗೆ ಇನ್ನೊಂದು, ಸ್ವಲ್ಪ ದೊಡ್ಡದು. ಒಳಗಡೆಯ ಎಣ್ಣೆ ನಿಧಾನಕ್ಕೆ ಈಚೆಗೆ ಇಳಿದಿತ್ತು.

ಅವಳು ಬಗ್ಗಿ ನೋಡಿದಳು. ಗೇರುಗಳು ಕೂತಿದ್ದ ಗುರುತು.

“ಅಮ್ಮಾ, ಈ ಚಾದರ ತಿರುಗಿಸಬೇಕು.”

ಅತ್ತೆ ಅಡುಗೆಮನೆಯಿಂದಲೇ ಓಡಿಬಂದಳು. “ಏನಂದೆ?”

“ಅದರ ಒಳಗಡೆ ಗುರುತಿದೆ ಅತ್ತೆ. ಯಾವುದು ಎಲ್ಲಿತ್ತು ಅಂತ. ಒಂದ್ಸಲ ನೋಡ್ಬೇಕು.”

“ಹೆತ್ತಪ್ಪನ ಮೈಮೇಲಿನ ಬಟ್ಟೆ ಎಳೀತೀಯಾ? ಒಂದು ಕಾರಿಗೋಸ್ಕರ? ಇಷ್ಟು ವರ್ಷ ಬಂದು ನೋಡದೋಳು, ಇವತ್ತು ಗುಜರಿ ನೋಡೋಕೆ ಬಂದಿದ್ದೀಯಾ?”

ಸೋದರಮಾವ ಫೋನನ್ನು ಕಿವಿಯಿಂದ ಇಳಿಸಿದ. ಅತ್ತೆಯ ಮಾತಿನಲ್ಲಿ ಸುಳ್ಳಾದರೂ ಎಲ್ಲಿತ್ತು? ಇನ್ನು ಬೇಡ ಬಿಡಿ ಅನ್ನಬೇಕೆನ್ನುವಷ್ಟರಲ್ಲಿ ಅಮ್ಮ ಸ್ಟೂಲಿನಿಂದ ಎದ್ದು ಒಳಕೋಣೆಗೆ ಹೋದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಹಾಸಿಗೆಯ ಹೊದಿಕೆಯಿತ್ತು. ಒಗೆದು ಒಗೆದು ಬಣ್ಣ ಹೋದ, ಹೂವಿನ ಚಿತ್ರದ ತೆಳು ಹೊದಿಕೆ.

“ಬಣ್ಣದ್ದಾ?” ಅಂದಳು ಅತ್ತೆ.

“ದಿನಾ ಅವರು ಹೊದ್ದಿದ್ದು ಇದೇ.” ಅಮ್ಮ ಹೂವಿನ ಹೊದಿಕೆಯನ್ನು ಚಾದರದ ಮೇಲೆ ಹರಡಿ, ಅದರ ಅಡಿಯಿಂದ ಬಿಳಿ ಚಾದರವನ್ನು ಮೆಲ್ಲಗೆ ಎಳೆದುಕೊಂಡಳು. ಅಪ್ಪನ ಮೈ ಒಂದಿಷ್ಟೂ ಬಯಲಾಗಲಿಲ್ಲ. ಚಾದರವನ್ನು ಮಗಳ ಕೈಗೆ ಹಾಕಿದಳು. “ನೋಡು.”

ಶೆಡ್ಡಿನ ಮೇಜಿನ ಮೇಲೆ ಅವಳು ಅದನ್ನು ಎಣ್ಣೆಯ ಕಡೆ ಮೇಲೆ ಬರುವಂತೆ ಹಾಸಿದಳು. ಎಲ್ಲವೂ ಇತ್ತು. ಇಂಜಿನ್ನಿನ ಕಡೆಯ ಬೇರಿಂಗಿನಿಂದ ಹಿಡಿದು ಹಿಂದಿನ ತುದಿಯವರೆಗೆ ಸಾಲಾಗಿ ಕಪ್ಪು, ಹಳದಿ ಉಂಗುರಗಳು. ಹಲ್ಲು ಹಲ್ಲಿನ ಗುರುತು. ವಾಷರುಗಳ ಅಂಚಿನಲ್ಲಿ ಅರದ ಕಚ್ಚು ಕೂಡ. ಅವಳು ನೆಲದಿಂದ ಒಂದೊಂದನ್ನೇ ಎತ್ತಿ ಅದರದರ ಗುರುತಿನ ಮೇಲೆ ಸದ್ದಾಗದ ಹಾಗೆ ಇಟ್ಟಳು. ಎರಡು ಕಚ್ಚಿನದು ಇಲ್ಲಿ. ಒಂದು ಕಚ್ಚಿನದು ಅಲ್ಲಿ. ಲೇತ್ ಮಾಮ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಬಕೆಟ್ಟಿನಿಂದ ತೆಗೆದದ್ದೆಲ್ಲ ಮುಗಿಯಿತು. ಗುರುತುಗಳೂ ಮುಗಿದವು. ಆದರೆ ಸಾಲಿನ ನಡುವೆ, ಮೂರನೇ ಗೇರಿನ ಪಕ್ಕ, ಅಂಗೈಯಗಲದ ಒಂದು ಜಾಗ ಖಾಲಿಯಿತ್ತು. ಅಲ್ಲಿ ಎಣ್ಣೆಯ ಕಲೆಯೂ ಇರಲಿಲ್ಲ. ಅಪ್ಪ ಅಲ್ಲಿ ಏನನ್ನೂ ಇಟ್ಟೇ ಇರಲಿಲ್ಲ.

“ಮೂರನೇದರ ವಾಷರು,” ಅಂದಳು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಾಲಿನಲ್ಲಿ ಅವಳು ಹೂವಿನ ಹೊದಿಕೆಯ ಅಂಚು ಎತ್ತಿದಳು. ಅಪ್ಪನ ಮುಷ್ಟಿಯ ಸಂದಿಯಲ್ಲಿ ಉಕ್ಕಿನ ಅಂಚು ಕಂಡಿತು.

ಲೇತ್ ಮಾಮ ಅವಳ ಕಿವಿಯ ಹತ್ತಿರ ಬಗ್ಗಿದ. “ಬಿಡಿಸೋದಾದ್ರೆ ಬೆರಳು ಮುರೀಬೇಕು ಪುಟ್ಟಿ. ನೀನು ಹೂಂ ಅಂದ್ರೆ ಮುರೀತೀನಿ. ಅವನೇನೂ ಬೈಯಲ್ಲ.”

“ಬೇಡ ಮಾಮ. ಕಚ್ಚು ಎಷ್ಟಿದೆ ಅಂತ ಗೊತ್ತಾದ್ರೆ ಸಾಕು.”

ತಣ್ಣಗಾದ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ವಾಷರಿನ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದಳು. ಹೊರಗಿದ್ದಷ್ಟು ಅಂಚು ಮುಗಿದ ಮೇಲೆ ಉಗುರನ್ನು ಅಪ್ಪನ ಬೆರಳುಗಳ ಅಡಿಗೆ ತೂರಿಸಿ ಸುತ್ತಲೂ ತಡವಿ ನೋಡಿದಳು. “ಈಗಲಾದ್ರೂ ಕೈ ಹಿಡಿದಳಲ್ಲ,” ಎಂದು ಅತ್ತೆ ಬಿಕ್ಕಿದಳು. ಅಂಚು ಪೂರ್ತಿ ಸಪಾಟಾಗಿತ್ತು. ಒಂದು ಕಚ್ಚೂ ಇರಲಿಲ್ಲ. ಮೇಲ್ಮೈ ಇನ್ನೂ ತರಿತರಿ. ಗಾಜಿನ ಹಲಗೆಯ ಮೇಲೆ ಅದನ್ನು ಉಜ್ಜಿ ಮುಗಿಸಿರಲೇ ಇಲ್ಲ. ಮೂರನೇ ಗೇರಿಗೆ ಎಷ್ಟು ದಪ್ಪ ಬೇಕೆಂದು ಅಪ್ಪನಿಗೆ ಕೊನೆಗೂ ಸಿಕ್ಕಿರಲಿಲ್ಲ. ಅದಕ್ಕೇ ಕರೆದಿದ್ದ. ಕೈ ತೊಳೆದುಕೊಂಡು ಬಾ ಅಂದಿದ್ದ.

ಅವಳಿಗೆ ಆಗ ಅಳು ಬಂತು, ತಡೆಯಲಾಗದಂಥ ಅಳು.

*

ಗಾಡಿ ಹಳೆಯ ವ್ಯಾನು. ಅಪ್ಪನನ್ನು ನಡುವೆ ಮಲಗಿಸಿ ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ಮಗಳು, ಮುಂದೆ ಡ್ರೈವರನ ಜೊತೆ ಸೋದರಮಾವ. ವ್ಯಾನು ಪೇಟೆ ಬೀದಿ ದಾಟಿತು.

“ಸಿಕ್ತಾ?” ಅಂದಳು ಅಮ್ಮ.

“ಒಂದು ಬಿಟ್ಟು ಎಲ್ಲಾ ಸಿಕ್ತು. ಅದೊಂದನ್ನ ನಾನೇ ಹೊಸದಾಗಿ ಉಜ್ಜಬೇಕು.”

“ಆಗತ್ತಾ?”

“ಅಪ್ಪನಿಗೇ ಆಗಿಲ್ಲ. ನೋಡ್ತೀನಿ.”

ಅಮ್ಮ ಮುಂದಕ್ಕೆ ಬಗ್ಗಿ ತಮ್ಮನ ಭುಜ ತಟ್ಟಿದಳು. “ಗುಜರಿಯವನಿಗೆ ಬರಬೇಡ ಅಂತ ಹೇಳು.” ಆಮೇಲೆ ಗಂಡನ ಮುಖ ನೋಡುತ್ತ, ಯಾರಿಗೂ ಹೇಳುತ್ತಿಲ್ಲವೆಂಬ ಹಾಗೆ ಹೇಳಿದಳು. “ಒಂದೇ ಒಂದ್ಸಲ ನನ್ನನ್ನ ಅದರಲ್ಲಿ ಕೂರಿಸ್ಕೊಂಡು ಹೋಗಿದ್ರು. ಹೊಸಾ ಸೀರೆ ಉಟ್ಕೊಂಡಿದ್ದೆ. ಗೇರು ಹಾರತ್ತೆ ಅಂತ ಹೋಗ್ತಾ, ಬರ್ತಾ ಲಿವರನ್ನ ಒತ್ತಿ ಹಿಡ್ಕೊಂಡೇ ಕೂತಿದ್ರು. ಈ ಕಡೆ ತಿರುಗಿ ಒಂದ್ಸಲ ನೋಡಿದ್ರೆ ಕೇಳು. ಮನೆಗೆ ಬಂದ ಮೇಲೆ, ಎಲ್ಲಿ ಹೊಸಾ ಸೀರೆ ಅಂದ್ರು. ಸರಿ ಮಾಡಿ ಇನ್ನೊಂದ್ಸಲ ಕರ್ಕೊಂಡು ಹೋಗ್ತೀನಿ ಅಂದ್ರು.”

ಊರು ಮುಗಿದು ಏರು ಬಂತು. ಡ್ರೈವರು ಕ್ಲಚ್ ತುಳಿದು ಗೇರು ಇಳಿಸಿದ; ವ್ಯಾನು ಒಮ್ಮೆ ಮುಗ್ಗರಿಸಿ ಮುಂದಕ್ಕೆ ಜಗ್ಗಿತು, ಅಪ್ಪನ ತಲೆ ಆ ಕಡೆಗೆ ಹೊರಳಿತು. ಅಮ್ಮ ತಲೆಯನ್ನು ನೆಟ್ಟಗೆ ಮಾಡಿದಳು. ಮಗಳು ಹೊದಿಕೆಯ ಅಡಿಯಲ್ಲಿ ಕೈ ತೂರಿಸಿ ಅಪ್ಪನ ಮುಷ್ಟಿಯ ಮೇಲೆ ತನ್ನ ಅಂಗೈ ಇಟ್ಟು ಒತ್ತಿ ಹಿಡಿದಳು. ಏರು ಮುಗಿದು ಇಳಿಜಾರು ಬಂದರೂ, ದೂರದಲ್ಲಿ ಚಿತಾಗಾರದ ಗೇಟು ಕಂಡರೂ, ಹಿಡಿತ ಸಡಿಲ ಮಾಡದೆ ಕೂತಿದ್ದಳು.