ಬ್ರೀದರ್ ಪೈಪಿನ ಬಾಯಿ

ಪುಸ್ ಪುಸ್ ಎಂದು ಅಂಗೈಗೆ ಬಡಿಯುತ್ತಿದೆ, ಬಿಸಿ ಬಿಸಿ, ಸುಟ್ಟ ಎಣ್ಣೆಯ ವಾಸನೆ, ಎಂಜಿನ್ನಿನ ಹೊಟ್ಟೆಯೊಳಗಿನ ಗಾಳಿ ಈಗ ಸಲೀಸಾಗಿ ಹೊರಗೆ ಬರ್ತಾ ಉಂಟು, ಭೇಷ್ ಲತೀಶ, ಕಂಕನಾಡಿಯಲ್ಲಿ ಇಂಥ ಕೆಲಸ ಮಾಡುವವ ಬೇರೆ ಯಾರಿದ್ದಾನೆ — ಮೊದಲು ಈ ಹೊಗೆಯೆಲ್ಲ ಏರ್ ಫಿಲ್ಟರಿಗೆ ನುಗ್ಗಿ ಅದನ್ನು ಎಣ್ಣೆ ಕುಡಿದ ಹಪ್ಪಳ ಮಾಡಿಟ್ಟಿತ್ತು, ಈಗ ಬ್ರೀದರ್ ಪೈಪನ್ನು ಅಲ್ಲಿಂದ ಕಿತ್ತು ಬೇರೆ ದಾರಿ ಮಾಡಿಕೊಟ್ಟಾಯ್ತು, ಸೀಟಿನಡಿಯಿಂದ ಕೆಳಗೆ, ಇನ್ನೂ ಕೆಳಗೆ — ಅರೆ, ಎಲ್ಲಿಗೆ ಇಳಿಸಿದೆ ಮಾರಾಯ, ಪೈಪಿನ ಬಾಯಿ ಹಿಂದಿನ ಟಯರಿನ ನೆತ್ತಿಗೇ ಬಂದು ನಿಂತಿದೆ. ಮೀನಿನ ಬೋಟು ನಿಲ್ಲುವ ದಕ್ಕೆಯ ಕೈ ಇದು, ಅಪ್ಪ ಚೆನ್ನಪ್ಪನ ಜೊತೆ ಬೋಟಿನ ಎಂಜಿನ್ ಬಿಚ್ಚಿ ಬಿಚ್ಚಿ ಪಳಗಿದ ಕೈ, ಬೋಟಿನಲ್ಲಾದರೆ ಪೈಪನ್ನು ಸುಮ್ಮನೆ ಕೆಳಗೆ ಬಿಡುವುದು, ಎಣ್ಣೆ ತೊಟ್ಟಿಕ್ಕಿದರೆ ಅಡಿಯಲ್ಲಿ ನಿಂತ ನೀರಿಗೆ ಬೀಳ್ತದೆ, ಬೋಟಿಗೆ ಟಯರಿಲ್ಲ, ಬೈಕಿಗೆ ಉಂಟಲ್ಲ ಮಂಡೆ ಇಲ್ಲದವನೇ! ನಿಂತಲ್ಲಿ ಬರೀ ಹೊಗೆ, ಜೋರಾಗಿ ಓಡಿಸಿದರೆ ಎಣ್ಣೆ, ತಿರುವಿನಲ್ಲಿ ಗಾಡಿ ವಾಲುವ ಹೊತ್ತಿಗೆ ಟಯರು ಪೂರಾ ಎಣ್ಣೆ, ಥೂ, ಬಿಚ್ಚು, ಪೈಪನ್ನು ಎತ್ತು, ಕಾಲಬುಡದಲ್ಲಿ ಬಿದ್ದ ಆ ಪ್ಲಾಸ್ಟಿಕ್ ಬಾಟ್ಲಿಯನ್ನು ಸೀಟಿನಡಿ ಇಟ್ಟು ಅದಕ್ಕೆ ಸೇರಿಸು, ಒಂದು ಕ್ಲಿಪ್ಪಿನ ಕೆಲಸ, ಸ್ಕ್ರೂಡ್ರೈವರ್ ಎಲ್ಲಿ, ಕೈಯಲ್ಲೇ ಉಂಟು.

ಎಂತ ಲತೀಶ್, ಆಯ್ತಾ ಮಾರಾಯ? ರಿತೇಶನ ಸ್ವರ, ಕದ್ರಿಯ ಹೋಟೆಲಿನ ತಾರಾನಾಥರ ಮಗ, ನನ್ನ ತಂಗಿ ಸೌಜನ್ಯಳನ್ನು ಇದೇ ಬೈಕಿನಲ್ಲಿ ಊರಿಡೀ ತಿರುಗಿಸಿದವ, ಆಗ ಭಾವ ಭಾವ ಎನ್ನುತ್ತಿದ್ದವ, ಈಗ ಲತೀಶ್ — ಹಾಂ, ನಿನ್ನ ಅಮ್ಮನಿಗೆ ಹೇಳು, ನನ್ನ ಮದುವೆ ಔತಣಕ್ಕೆ ಅಂಜಲ್ ಮೀನು ನಿಮ್ಮಿಂದಲೇ, ಕುಮುದಿನಿಯಕ್ಕ ತರುವಂಥ ಫ್ರೆಶ್ ಎಲ್ಲಿಯೂ ಸಿಗುದಿಲ್ಲ. ನಾಚಿಕೆ ಅನ್ನುವುದು ಇವನ ಮನೆಯ ಗೇಟು ದಾಟಿಲ್ಲ. ಸ್ನೇಹಲತಾ, ಇವನ ತಾಯಿ, ಆವತ್ತು ಮನೆಗೆ ಬಂದು ಅಮ್ಮ ಹುರಿದ ಅಂಜಲನ್ನು ಚಪ್ಪರಿಸಿ ತಿಂದು, ಕೈ ತೊಳೆದು, ನಿಮ್ಮ ಮಗಳು ಚಂದ, ಆದ್ರೆ ಇದೆಲ್ಲ ನಮ್ಮಲ್ಲಿ ಆಗುದಿಲ್ಲ, ನಿಮಗೆ ಗೊತ್ತುಂಟಲ್ಲ, ಹಾಗಂತ ಪರಿಚಯ ಬಿಟ್ಟು ಹಾಕುದು ಬೇಡ, ನಾಳೆಯಿಂದ ನಮ್ಮ ಹೋಟೆಲಿಗೆ ಮೀನು ನೀವೇ ಹಾಕಿ, ಅಂದಳು. ಹುಡುಗಿ ಕೇಳಲು ಬಂದವರು ಮೀನು ಕೇಳಿ ಹೋದರು, ಅಮ್ಮ ಆಯ್ತು ಎಂದಳು, ಆಯ್ತಂತೆ! ಮರುದಿನ ಬುಟ್ಟಿ ಹೊತ್ತು ಅವರ ಹಿಂಬಾಗಿಲಲ್ಲಿ ನಿಂತಳು, ಇವತ್ತೂ ನಿಲ್ಲುತ್ತಾಳೆ. ಸೌಜನ್ಯಳೋ, ಸ್ವಲ್ಪ ದಿನ ಮುಖ ಊದಿಸಿಕೊಂಡು ಮತ್ತೆ ಟಿವಿ ನೋಡಿ ನಗಲು ಶುರು, ಬಿಡು ಅಣ್ಣ, ಅವನೊಂದು ಪೊಟ್ಟು ಜನ — ಅವಳಿಗೇ ಇಲ್ಲದ ಉರಿ ನಿನಗೆ ಎಂತಕ್ಕೆ, ಇರಲಿ, ಉಂಟು, ನನಗೆ ಉಂಟು. ಸ್ಕ್ರೂಡ್ರೈವರ್ ಟ್ರೇಗೆ ವಾಪಸ್ ಬಿತ್ತು, ಬಾಟ್ಲಿಯನ್ನು ಕಾಲೇ ಬೆಂಚಿನಡಿಗೆ ತಳ್ಳಿತು. ಆಯ್ತು ರಿತೇಶ್, ಮೊದಲ ರೌಂಡ್ ಜೋರಾಗಿ ಓಡಿಸಿ ಆಯ್ತಾ, ನಿಧಾನ ಹೋದ್ರೆ ಪೈಪಲ್ಲಿ ಎಣ್ಣೆ ಕಟ್ತದೆ — ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಷ್ಟು ನಯವಾಗಿ ಬಂತು ಮಾತು, ಒಳಗೆ ಏನೋ ತಂಪಾಯಿತು, ಬೀಳಲಿ, ಮೂಳೆ ಮುರಿಯಲಿ, ಔತಣಕ್ಕೆ ಕಟ್ಟು ಕಟ್ಟಿಕೊಂಡು ಕೂರಲಿ.

ರಿಕ್ಷಾ ನಿಂತಿತು, ಇಳಿದವಳು ಯಾರು, ಇವಳೇ ಇರಬೇಕು ಸುಪ್ರೀತಾ, ಇವನು ಮದುವೆಯಾಗುವವಳು, ಲತೀಶಣ್ಣ ಅಲ್ವಾ, ಸೌಜನ್ಯಳ ಅಣ್ಣ, ಕಾಲೇಜಲ್ಲಿ ನಾವು ಒಂದೇ ಬೆಂಚು, ಮದುವೆಗೆ ಅವಳನ್ನು ಕರ್ಕೊಂಡು ಬರ್ಲೇಬೇಕು ನೀವು. ಇವಳಿಗೆ ಏನೂ ಗೊತ್ತಿಲ್ಲ ದೇವರೇ, ಯಾರೂ ಹೇಳಿಲ್ಲ. ಖಂಡಿತ, ಎಂದೆ. ಹೆಲ್ಮೆಟ್? ಇಲ್ಲೇ ಕುಲಶೇಖರಕ್ಕೆ, ಅತ್ತೆ ಮನೆಗೆ, ಇಷ್ಟು ಹತ್ತಿರಕ್ಕೆ ಎಂತ ಹೆಲ್ಮೆಟ್, ಎಂದ ರಿತೇಶ — ಅವಳ ಬಿಳಿ ಶೂ ಫುಟ್‌ರೆಸ್ಟಿನ ಮೇಲೆ ಬಂದು ಕೂತಿತು, ಹೊಸತು, ಗೇಣು ದೂರದಲ್ಲಿ ಟಯರು, ಹೇಳು, ಪೈಪು ಸರಿ ಇಲ್ಲ ಇಳಿಯಿರಿ ಅನ್ನು, ನಾಲಿಗೆ ಬಿದ್ದುಹೋಯ್ತಾ, ಅವಳು ಬಗ್ಗಿ ಶೂವಿನ ಧೂಳನ್ನು ಬೆರಳಿನಲ್ಲಿ ಉಜ್ಜಿದಳು, ಬರ್ತೇವೆ ಲತೀಶಣ್ಣ, ಹೊರಟೇಬಿಟ್ಟರು, ಎಷ್ಟು ಜೋರಾಗಿ ಓಡಿಸ್ತಾನೆ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡ್ತಾನೆ ಮುಂಡೇಮಗ.

ಫೋನ್ ಮಾಡು. ಗಾಡಿ ಓಡಿಸುವವ ಎತ್ತುದಿಲ್ಲ, ರಿಂಗಾಗಿ ರಿಂಗಾಗಿ ನಿಂತಿತು, ನೋಡು, ಮಾಡಿದೆಯಲ್ಲ, ಇನ್ನು ನಿನ್ನ ತಪ್ಪಲ್ಲ — ಅವಳ ನಂಬರ್? ಸೌಜನ್ಯಳ ಹತ್ತಿರ ಇರ್ತದೆ, ಒಂದೇ ಬೆಂಚು, ಸೌಜನ್ಯಳಿಗೆ ಮಾಡು, ಅವಳು ಕೇಳ್ತಾಳೆ ಎಂತಕ್ಕೆ ಅಂತ, ಹೇಳಬೇಕಾಗ್ತದೆ, ನಿನಗಾಗಿ ಅಂತ, ನಿನಗಾಗಿ ಮಾಡಿದ್ದು ಅಂತ — ಎತ್ತಿದಳು, ಎಂತ ಅಣ್ಣ? ಹಿಂದೆ ಟಿವಿಯ ನಗು. ಬಿಳಿ ಶೂ. ಎಂತ ಅಣ್ಣ, ಹೇಳು. ಏನಿಲ್ಲ, ಊಟಕ್ಕೆ ಎಂತ ಉಂಟು? ಬಂಗುಡೆ ಪುಳಿಮುಂಚಿ, ಬೇಗ ಬಾ, ಎಂದು ಇಟ್ಟಳು, ಇಟ್ಟೇಬಿಟ್ಟಳು, ಇನ್ನೊಮ್ಮೆ ಮಾಡಬಹುದು, ಈಗಲೂ ಮಾಡಬಹುದು, ಕುಲಶೇಖರದ ತಿರುವಿಗೆ ಇನ್ನೂ ತಲುಪಿರುವುದಿಲ್ಲ, ಬೆರಳು ಎಲ್ಲಿ, ಬೆರಳು ಹೆಸರಿನ ಮೇಲೆಯೇ ಉಂಟು, ಒತ್ತಬೇಕು ಅಷ್ಟೆ, ಬಿಳಿ ಶೂ, ಅವಳು ಬಗ್ಗಿ ಉಜ್ಜಿದ ಬಿಳಿ ಶೂ, ಫುಟ್‌ರೆಸ್ಟಿನ ಮೇಲೆ, ಬಿಳಿ