ಬಣ್ಣದ ಗೋದಾಮಿನ ಮೇಲಿನ ಕೋಣೆ

ತಾನು ಪೊಲೀಸ್ ಅನ್ನೋದನ್ನು ಮುಚ್ಚಿಟ್ಟು ಅವನು ಬಣ್ಣದ ಗೋದಾಮಿಗೆ ಡ್ರೈವರಾಗಿ ಸೇರಿ ಹದಿನಾಲ್ಕು ತಿಂಗಳಾಗಿತ್ತು. ಬಣ್ಣದ ಡಬ್ಬಿಗಳ ತಳದಲ್ಲಿ ಅಲ್ಲಿಂದ ಮಾದಕ ಪುಡಿ ಊರೂರಿಗೆ ಹೋಗುತ್ತಿತ್ತು. ಪುಡಿ ತುಂಬುತ್ತಿದ್ದದ್ದು ಮೇಲಿನ ಕೋಣೆಯಲ್ಲಿ. ಅದರ ಬೀಗದ ಕೈ ಸದಾ ದಂಧೆಯ ಯಜಮಾನನ ಸೊಂಟದಲ್ಲಿ. ಅವನನ್ನು ಎಲ್ಲರೂ ದೊಡ್ಡಣ್ಣ ಅನ್ನುತ್ತಿದ್ದರು.

ದೊಡ್ಡಣ್ಣನಿಗೆ ಡ್ರೈವರನ ಮೇಲೆ ಅದೇನೋ ಅಕ್ಕರೆ. ತನ್ನ ತಟ್ಟೆಯಿಂದಲೇ ತುತ್ತು ಎತ್ತಿಕೊಟ್ಟು, "ತಿನ್ನೋ, ಕಡ್ಡಿ ಹಾಗಿದ್ದೀಯ" ಅನ್ನುತ್ತಿದ್ದ. ಸ್ವಂತ ಅಪ್ಪನ ಬಾಯಲ್ಲಿ ಒಂದು ಒಳ್ಳೆ ಮಾತು ಕೇಳದವನಿಗೆ ಅದು ಎದೆಗೇ ತಾಕುತ್ತಿತ್ತು.

ಆಮೇಲೆ ಮೀಸೆ ಬಂದ. ಬಣ್ಣ ಬೆರೆಸುವ ಕೆಲಸದವನು, ಪೊದೆಮೀಸೆ, ಅದೇ ಅವನ ಹೆಸರಾಯಿತು. "ದೊಡ್ಡಣ್ಣಾ, ನಿಮ್ಮ ಗೊರಕೆಗೆ ಗೋಡೆ ಬಣ್ಣ ಉದುರುತ್ತೆ" ಅಂದರೂ ದೊಡ್ಡಣ್ಣ ಹೊಟ್ಟೆ ಹಿಡಿದು ನಗುತ್ತಿದ್ದ. ತಿಂಗಳೊಳಗೆ ತುತ್ತು ಮೀಸೆಯ ಪಾಲಾಯಿತು. ಹಿಂದೆಯೇ ಬೀಗದ ಕೈಯೂ.

ಕೋಣೆ ಕೈತಪ್ಪಿತಲ್ಲ, ಅದಕ್ಕೇ ಈ ಸಂಕಟ ಎಂದು ಡ್ರೈವರ್ ತನಗೆ ತಾನೇ ಹೇಳಿಕೊಂಡ. ಆದರೆ ಊಟಕ್ಕೆ ಕೂತಾಗ ಅವನು ನೋಡುತ್ತಿದ್ದದ್ದು ಬೀಗದ ಕೈಯನ್ನಲ್ಲ, ಮೀಸೆಯ ಹೆಗಲ ಮೇಲಿದ್ದ ದೊಡ್ಡಣ್ಣನ ಕೈಯನ್ನು.

ಒಂದು ದಿನ ಕಾರಿನಲ್ಲಿ ಬಾಯಿಬಿಟ್ಟ. "ಮೀಸೆ ದಿನಾ ಶೆಡ್ ಹಿಂದೆ ಹೋಗಿ ಯಾರಿಗೋ ಫೋನ್ ಮಾಡ್ತಾನೆ ದೊಡ್ಡಣ್ಣ. ನಂಗ್ಯಾಕೋ ಸರಿ ಕಾಣ್ತಿಲ್ಲ."

ಮರುದಿನ ಬೆಳಿಗ್ಗೆ ದೊಡ್ಡಣ್ಣ ಮೀಸೆಯ ಬಲಗೈಯನ್ನು ಡಬ್ಬಿ ಮುಚ್ಚುವ ಯಂತ್ರಕ್ಕೆ ಕೊಡಿಸಿದ.

"ನಮ್ಮಕ್ಕನಿಗೆ ಮಾಡ್ತಿದ್ದೆ ಅಣ್ಣಾ! ಅವಳಿಗೆ ಹುಷಾರಿಲ್ಲ!" ಎಂದು ಮೀಸೆ ಚೀರಿದ.

ಅದು ನಿಜವೆಂದು ಡ್ರೈವರಿಗೆ ಮೊದಲೇ ಗೊತ್ತಿತ್ತು. ಶೆಡ್ಡಿನ ಗೋಡೆಗೆ ಒರಗಿ ಅವನೇ ಎಲ್ಲ ಕೇಳಿಸಿಕೊಂಡಿದ್ದ.

ದೊಡ್ಡಣ್ಣ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟ. "ಕೊನೆಗೂ ನೀನೇ ನನ್ನವನು ಕಣೋ."

ಆ ಗಳಿಗೆಯಲ್ಲೂ ಅವನಿಗೆ ಖುಷಿಯಾಯಿತು. ಅದೇ ಅವನನ್ನು ಹೆದರಿಸಿತು.

ನಾಲ್ಕನೇ ದಿನ ಪೊಲೀಸರು ಗೋದಾಮಿಗೆ ನುಗ್ಗಿದರು. ಮೇಲಿನ ಕೋಣೆ ತೆರೆದೇ ಇತ್ತು. ದೊಡ್ಡಣ್ಣ ಸಿಕ್ಕಿಬಿದ್ದ.

ಠಾಣೆಯಲ್ಲಿ ಮೇಲಧಿಕಾರಿ ಬೆನ್ನು ತಟ್ಟಿದರು. ಅವನು ನಡೆದದ್ದನ್ನೆಲ್ಲ ಹೇಳಿದ. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಕೆಲಸಕ್ಕೋಸ್ಕರ ಮಾಡಿದ್ದು. ವರದಿಯಲ್ಲಿ ಬರೀಬೇಡ."

"ಕೆಲಸಕ್ಕಲ್ಲ ಸರ್. ಹೊಟ್ಟೆಕಿಚ್ಚಿಗೆ."

ಬೇಡವೆಂದರೂ ಬರೆದ. ನೌಕರಿ ಹೋಯಿತು. ಸಾಕ್ಷಿ ಹೇಳಲು ಬಂದ ಮೀಸೆ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಸಹಿ ಹಾಕಿದ. ನ್ಯಾಯಾಲಯದ ಮೆಟ್ಟಿಲ ಮೇಲೆ ತಪ್ಪಾಯಿತು ಅನ್ನಲು ಡ್ರೈವರ್ ಮೀಸೆಯ ಎದುರು ಹೋಗಿ ನಿಂತ. ಬಡಕಲಾಗಿದ್ದ ಅಕ್ಕ ತಮ್ಮನ ಮುಂದೆ ಬಂದು ಅಡ್ಡ ನಿಂತಳು.

"ದಾರಿ ಬಿಡಿ" ಅಂದಳು.

ಅವನು ಗೋಡೆಯ ಕಡೆಗೆ ಸರಿದು ನಿಂತ.